ಬೆಣ್ಣೆಹಣ್ಣು ಒತ್ತೋ ಕಮಿಟಿ

ಮಗಳು ವರ್ಕ್ ಫ್ರಮ್ ಹೋಮ್ ಅಂತ ಹದಿನೈದು ದಿನಕ್ಕೆ ಬೆಂಗಳೂರಿಂದ ಊರಿಗೆ ಬಂದಿದ್ಲು. ಮೊದಲನೇ ದಿನ ಬೆಳಗ್ಗೆ ತೆಳ್ಳೇವು ಮುಂದೆ ಕೂತ್ಕೊಂಡು "ಅಪ್ಪಾ ಇಲ್ಲಿ ಅವಕಾಡೊ ಸಿಗ್ತದಾ" ಅಂದ್ಲು. ನಾನು ಅದ್ಯಾವ್ದೋ ಹೊಸ ಆಪ್ ಇರ್ಬೇಕು ಅಂದ್ಕೊಂಡು, ಸಿಗ್ತದೆ ಆದ್ರೆ ಕೊಟ್ಟಿಗೆ ಹಿಂದಿನ ದರೆ ಹತ್ತಿ ನಿಲ್ಬೇಕು, ಇಲ್ಲಿ ನೆಟ್‌ವರ್ಕ್ ಬರಲ್ಲ ಅಂದೆ. ಆಮೇಲೆ ಫೋನಲ್ಲಿ ಫೋಟೋ ತೋರಿಸಿದಾಗ ಗೊತ್ತಾಯ್ತು, ಓಹೋ ಬೆಣ್ಣೆಹಣ್ಣು.

ಶಿರಸಿ ಪೇಟೆಲಿ ನಾಲ್ಕು ಸಿಕ್ತು. ಹಸಿರು ಬಣ್ಣ, ಕತ್ತು ಉದ್ದ, ಎಳೆ ಸೋರೆಕಾಯಿ ಇದ್ದಾಂಗೆ, ಕೈಯಲ್ಲಿ ಹಿಡಿದ್ರೆ ಒಳ್ಳೆ ಭಾರ. ಕಲ್ಲು ಕಲ್ಲು ಇದೆಯಲ್ಲಾ ಅಂದೆ. ಅಂಗಡಿಯವ "ಕೊಡಗಿನ ಮಾಲು, ನಾಳೆ ಹಣ್ಣಾಗ್ತದೆ" ಅಂದ. ನಮ್ಮೂರ ಕಿರುಸೇತುವೆ ಕಾಂಟ್ರಾಕ್ಟರೂ ನಾಳೆ ಅಂತಾನೇ ಹೇಳಿದ್ದ, ಅದೇ ದನಿ.

ಮನೆಗೆ ಬಂದವ ತಾಳ್ಮೆ ಇಲ್ಲದೆ ಒಂದನ್ನ ಕೊಯ್ದೇ ಬಿಟ್ಟೆ. ಚಾಕು ಅರ್ಧಕ್ಕೆ ಹೋಗಿ ಸಿಕ್ಕಿಹಾಕ್ಕೊಂಡ್ತು. ಒಳಗೆ ಬಿಳಿ, ಗಟ್ಟಿ, ಒಗರು. ಆಯಿ, ಅಂದ್ರೆ ನನ್ನ ಅಮ್ಮ, ಬಂದು ನೋಡಿ "ದುಡ್ಡು ಕೊಟ್ಟು ತಂದಿದ್ದು, ಹಾಳ್ ಮಾಡಲಾಗ ತಮಾ" ಅಂತ ತಗೊಂಡು ಹೋಗಿ ಪಲ್ಯ ಮಾಡಿದ್ಲು. (ಅವತ್ತು ಎಲ್ರೂ ಮಾತಾಡಿದ್ದು ಹವ್ಯಕದಲ್ಲೇ, ಓದೋರಿಗೆ ಕಷ್ಟ ಅಂತ ನಾನು ಬದಲಿಸಿ ಬರೀತಿದೀನಿ, ಆಯಿ ಮಾತು ಮಾತ್ರ ಹಾಗೇ ಇರ್ಲಿ.) ಕಾಯಿತುರಿ, ಒಗ್ಗರಣೆ, ಚೂರು ಬೆಲ್ಲ, ಎಲ್ಲಾ ಬಿತ್ತು. ಆದ್ರೆ ಈ ಹಣ್ಣಿಗೆ ಜಾಸ್ತಿ ಬೆಂಕಿ ತೋರಿಸಿದ್ರೆ ಕಹಿ ಆಗ್ತದೆ, ಅದು ನಮ್ಗೆ ಗೊತ್ತಿರ್ಲಿಲ್ಲ. ಊಟಕ್ಕೆ ಕೂತಾಗ ಒಂದು ತುತ್ತು ಬಾಯಿಗಿಟ್ಟೆ. ಹಾಗಲಕಾಯಿ ಬಗ್ಗೆ ಇಷ್ಟು ವರ್ಷ ಆಡಿದ ಮಾತನ್ನೆಲ್ಲಾ ವಾಪಸ್ ತಗೊಂಡೆ.

ಸಂಜೆ ಜೋರು ಮಳೆ, ಕರೆಂಟ್ ಇಲ್ಲ, ಹಾಗಾಗಿ ಜಗುಲಿ ಮೇಲೆ ಎಲೆಅಡಿಕೆ ಕವಳದ ಹರಿವಾಣದ ಸುತ್ತ ಮಾಮೂಲಿ ಮಂದಿ ಸೇರಿದ್ರು. ಪಕ್ಕದ ತೋಟದ ಗಣಪತಿ, ಯೂಟ್ಯೂಬ್ ನೋಡಿ ನೋಡಿ ಪಂಡಿತ ಆದವ. ಸುಬ್ರಾಯ ಭಟ್ರು, ಇವರಿಗೆ ಮುಹೂರ್ತ ಇಲ್ಲದ ವಿಷ್ಯಾನೇ ಇಲ್ಲ. ಮತ್ತೆ ಕಾರವಾರದ ಪ್ರಕಾಶ, ಶಿರಸಿಯಲ್ಲಿ ಬ್ಯಾಂಕ್ ಕೆಲಸ, ಭಾನುವಾರ ಆದ್ರೆ ಮೀನಿಗಾಗಿ ಘಟ್ಟ ಇಳಿಯೋ ಗಿರಾಕಿ. ಉಳಿದ ಮೂರರಲ್ಲಿ ಒಂದನ್ನ ನಾನು ಸುಮ್ನೆ ತೋರ್ಸೋಣ ಅಂತ ಹರಿವಾಣದ ಪಕ್ಕ ಇಟ್ಟೆ. ಅದೇ ತಪ್ಪಾಯ್ತು.

ಗಣಪತಿ ಮೊದಲು ಎತ್ತಿಕೊಂಡು ಹೆಬ್ಬೆರಳಲ್ಲಿ ಒತ್ತಿ "ಇನ್ನೂ ಆಗಿಲ್ಲ" ಅಂದ. ಭಟ್ರು ಇಸ್ಕೊಂಡು ಒತ್ತಿ "ಹೌದು ಆಗಿಲ್ಲ" ಅಂದ್ರು. ಪ್ರಕಾಶನೂ ಒತ್ತಿದ. ಆಗಿಲ್ಲ ಅಂತ ಇಬ್ರು ಹೇಳಿದ ಮೇಲೂ ಮೂರನೆಯವ ಯಾಕೆ ಒತ್ತಬೇಕು ಅಂತ ಕೇಳ್ಬೇಡಿ, ನಾನೂ ಒತ್ತಿದೆ.

"ಅಲ್ಲ ಮಾರಾಯ, ಬಣ್ಣ ನೋಡಿ ತಗೊಳ್ಳೋದಲ್ವಾ, ಕಪ್ಪಾಗಿದ್ರೆ ಹಣ್ಣು ಅಂತಾರಪ್ಪ" ಅಂದ ಪ್ರಕಾಶ.

"ಅದು ಹ್ಯಾಸ್ ಅನ್ನೋ ಜಾತಿ" ಗಣಪತಿ ಶುರು ಮಾಡಿದ. "ಸಿಪ್ಪೆ ಗುಳ್ಳೆ ಗುಳ್ಳೆ ಇರ್ತದಲ್ಲ, ಟಾಂಜಾನಿಯಾ ಕಡೆಯಿಂದ ಸ್ಟಿಕರ್ ಅಂಟಿಸ್ಕೊಂಡು ಬರ್ತದೆ, ಅದು ಹಸಿರಿಂದ ಕಪ್ಪು ನೇರಳೆ ಆಗ್ತದೆ. ನಮ್ಮ ಕಡೆ ನುಣುಪು ಸಿಪ್ಪೆಯದ್ದು ಸುಮಾರು ಹಣ್ಣಾದ್ರೂ ಹಸಿರಾಗೇ ಇರ್ತದೆ, ಬಣ್ಣ ನಂಬಿ ಕೂತ್ರೆ ಕೊಳೆತು ಹೋಗ್ತದೆ ಅಷ್ಟೇ."

"ಹಂಗಾದ್ರೆ ಮೀನಿನ ಲೆಕ್ಕವೇ ಸರಿ" ಅಂತ ಪ್ರಕಾಶ ಹಣ್ಣಿನ ತೊಟ್ಟಿಗೆ ಕೈ ಹಾಕಿದ. "ಬಂಗಡೆ ತಗೊಳ್ಳುವಾಗ ಕಿವಿರು ಎತ್ತಿ ನೋಡ್ತೇವೆ, ಕೆಂಪಿದ್ರೆ ತಾಜಾ. ಇದರ ತೊಟ್ಟಿನ ಬಿರಡೆ ಎತ್ತಿ ನೋಡು, ಒಳಗೆ ಹಸಿರಿದ್ರೆ ಸರಿ, ಕಂದು ಇದ್ರೆ ಟೈಮ್ ಮುಗೀತು, ಏಳೋದೇ ಇಲ್ಲ ಅಂದ್ರೆ ಇನ್ನೂ ಕಾಯಿ."

ಭಟ್ರಿಗೆ ಕವಳ ನೆತ್ತಿಗೇರ್ತು. "ನಮ್ಮ ಜಗುಲಿ ಮೇಲೆ ಹಣ್ಣಿನ ಕಿವಿರು ಎತ್ತಬೇಡ್ವೋ ಪುಣ್ಯಾತ್ಮ."

ಒಳಗಿಂದ ಮಗಳು ಕೂಗಿದ್ಲು, ತೊಟ್ಟು ಕೀಳ್ಬೇಡಿ, ಆ ತೂತಲ್ಲಿ ಗಾಳಿ ಹೋಗಿ ಅಲ್ಲಿಂದ್ಲೇ ಕಪ್ಪಾಗ್ತಾ ಬರ್ತದೆ, ಅಂಗಡೀಲಿ ಎಲ್ರೂ ಕಿತ್ತು ನೋಡಿ ಇಟ್ಟು ಹೋದ್ರೆ ಆಮೇಲೆ ತಗೊಳ್ಳೋರ ಗತಿ ಏನು ಅಂತ. ಬೆರಳ ತುದೀಲಿ ಒತ್ತಬಾರ್ದಂತೆ, ಅಂಗೈಯಲ್ಲಿ ಇಟ್ಕೊಂಡು ಪೂರಾ ಕೈಯಿಂದ ಮೆಲ್ಲಗೆ ಹಿಚುಕಬೇಕಂತೆ, ಸ್ವಲ್ಪ ಬಗ್ಗಿದ್ರೆ ಆಯ್ತು. ಇಷ್ಟು ಹೇಳಿದ್ದೇ ತಡ, ಹೊಸ ವಿಧಾನ ನೋಡ್ಬೇಕಲ್ಲ, ನಾಲ್ಕೂ ಜನ ಮತ್ತೊಂದು ರೌಂಡ್ ಹಿಚುಕಿದ್ವಿ.

ನಾನು ಕಿವಿ ಹತ್ರ ಹಿಡಿದು ಅಲ್ಲಾಡಿಸಿದೆ. ಹಸಿರು ಜಾತಿ ಕೆಲವಲ್ಲಿ ಹಣ್ಣಾದಾಗ ಬೀಜ ಬಿಟ್ಕೊಂಡು ಒಳಗೆ ಲೊಟಕ್ ಲೊಟಕ್ ಅಂತದೆ. ಇದು ಸುಮ್ನಿತ್ತು.

ಭಟ್ರ ಪ್ರಶ್ನೆ ಬೇರೆ. "ಮರದಲ್ಲೇ ಹಣ್ಣು ಮಾಡಿ ಯಾಕೆ ಕಳಿಸಲ್ಲ ಇವ್ರು, ಅಡಿಕೆ ಗೋಟಾಗುವವರೆಗೆ ಬಿಡಲ್ವಾ ನಾವು?" ಅದಕ್ಕೆ ಗಣಪತಿ, ಇದು ಮರದಲ್ಲಿ ಹಣ್ಣಾಗೋದೇ ಇಲ್ಲ, ಬಲಿತು ತಿಂಗಳುಗಟ್ಟಲೆ ಕಾಯಾಗೇ ನೇತಾಡ್ತದೆ, ಕೊಯ್ದು ಕೆಳಗೆ ತಂದ ಮೇಲೇ ಮೆತ್ತಗಾಗೋದು ಅಂದ. ಭಟ್ರು ಸ್ವಲ್ಪ ಹೊತ್ತು ಮಳೆ ನೋಡ್ತಾ ಕೂತು, "ನಮ್ಮ ಮಗನೂ ಹಾಗೇ, ಬೆಂಗಳೂರಿಗೆ ಹೋದ ಮೇಲೇ ಮೆತ್ತಗಾದ" ಅಂದ್ರು.

ಉಳಿದ ಎರಡನ್ನ ಹಣ್ಣಿಗೆ ಹಾಕೋ ವಿಚಾರಕ್ಕೆ ಒಳಗೆ ಬೇರೆ ಜಗಳ. ಆಯಿ ಒಂದನ್ನ ಅಕ್ಕಿ ಡಬ್ಬಿಯಲ್ಲಿ ಹುಗಿದು ಮೇಲೆ ಎರಡು ಕಳಿತ ಮಿಟ್ಲಿ ಬಾಳೆಹಣ್ಣು ಇಟ್ಟಿದ್ಲು. ಇದಕ್ಕೆ ಮಗಳು ವಿಜ್ಞಾನ ಹೇಳಿದ್ಲು, ಬಾಳೆಹಣ್ಣು ಎಥಿಲೀನ್ ಅನ್ನೋ ಗಾಳಿ ಬಿಡ್ತದೆ, ಮುಚ್ಚಿದ ಜಾಗದಲ್ಲಿ ಅದು ಸುತ್ತ ನಿಂತು ಪಕ್ಕದ ಕಾಯಿ ಬೇಗ ಹಣ್ಣಾಗ್ತದೆ, ಪೇಪರ್ ಕವರಲ್ಲಿ ಸೇಬು ಜೊತೆ ಇಟ್ರೂ ಅದೇ. ಆಯಿ "ಎಂಗ ಮಾವಿನಕಾಯಿ ಅಡೆ ಹಾಕದು ಮತ್ತೆಂತದಾ" ಅಂದ್ಲು. ಇನ್ನೊಂದನ್ನ ನನ್ನ ಹೆಂಡತಿ ಹಾಳಾಗ್ದೆ ಇರ್ಲಿ ಅಂತ ಕಾಯಿದ್ದಾಗ್ಲೇ ಫ್ರಿಜ್ಜಿಗೆ ತಳ್ಳಿದ್ಲು. ಅದರ ಕಥೆ ಚಿಕ್ಕದು. ಚಳಿ ಹಿಡಿದ ಕಾಯಿ ಆಮೇಲೆ ಹೊರಗಿಟ್ರೂ ಸರಿಯಾಗಿ ಹಣ್ಣಾಗಲ್ಲ, ಕೊಯ್ದಾಗ ಸೈಕಲ್ ಟ್ಯೂಬ್ ಇದ್ದಾಂಗೆ ಇತ್ತು, ಒಳಗೆ ಬೂದಿ ಬಣ್ಣ. ಫ್ರಿಜ್ಜು ಏನಿದ್ರೂ ಹಣ್ಣಾದ ಮೇಲೆ, ಆಗ ಎರಡು ಮೂರು ದಿನ ತಡೆದು ನಿಲ್ಲಿಸ್ತದೆ.

ಎರಡನೇ ಸಂಜೆ ಮತ್ತೆ ಸಭೆ. ಗಣಪತಿ ಮೆಟ್ಟಿಲು ಹತ್ತುವಾಗ್ಲೇ "ಆಯ್ತೇನೋ" ಅಂತ ಕೈ ಚಾಚಿದ. ಒತ್ತಿದ. ಭಟ್ರು ಒತ್ತಿದ್ರು. ಪ್ರಕಾಶ ಒತ್ತಿ, ಮೂಸಿ, ಮತ್ತೆ ಒತ್ತಿದ. ದಾರೀಲಿ ಹೋಗ್ತಿದ್ದ, ಅಡಿಕೆ ಮರ ಹತ್ತೋ ಕೊನೆಗೌಡ, ಮಳೆಗೆ ಅಡಿಕೆ ಕೊನೆಗೆ ಕೊಟ್ಟೆ ಕಟ್ಟಿದ ಕೂಲಿ ಕೇಳೋಕೆ ಬಂದವ, ಅವನಿಗೂ ಕೊಟ್ವಿ. ಅವನ ಕೈ ಹಗ್ಗ ಹಿಡಿದ ಕೈ, ಒತ್ತಿದ್ದು ಒಳಗೆ ಬೀಜಕ್ಕೆ ತಾಗಿರ್ಬೇಕು.

ಅವತ್ತಿನ ವಿಷ್ಯ ಗಿಡ ನೆಡೋದು. ಅಡಿಕೆಗೆ ಕೊಳೆರೋಗ ಬಂದು ಬೇಜಾರಾಗಿದೆ, ಬೀಜ ಕೊಡು ನಾನೂ ತೋಟದ ಬದೀಲಿ ನೆಡ್ತೇನೆ ಅಂದ ಗಣಪತಿ. ಹೇಳ್ತಾ ಹೇಳ್ತಾ ಅವನೇ ಯೂಟ್ಯೂಬ್ ಕಥೆ ತೆಗೆದ. ಈ ಹ್ಯಾಸ್ ಅನ್ನೋದು ಕ್ಯಾಲಿಫೋರ್ನಿಯಾದ ಒಬ್ಬ ಪೋಸ್ಟ್‌ಮನ್ ಹೆಸ್ರು, ರುಡಾಲ್ಫ್ ಹ್ಯಾಸ್. ಅವನು ಬೀಜದಿಂದ ಎಬ್ಬಿಸಿದ ಒಂದು ಗಿಡಕ್ಕೆ ಬೇರೆ ಜಾತಿ ಕಸಿ ನಿಲ್ಲಲೇ ಇಲ್ಲ, ಹಾಗೇ ಬಿಟ್ಟಿದ್ದಕ್ಕೆ ಅದು ಇಂಥಾ ಹಣ್ಣು ಕೊಡ್ತು, 1935ರಲ್ಲಿ ಪೇಟೆಂಟ್ ಮಾಡ್ಸಿದ. ಈಗ ಜಗತ್ತಲ್ಲಿ ಇರೋ ಹ್ಯಾಸ್ ಮರ ಎಲ್ಲಾ ಆ ಒಂದೇ ಮರದ ಕಸಿಯಿಂದ ಬಂದಿದ್ದು. ಬೀಜ ಹಾಕಿದ್ರೆ ಅದೇ ಹಣ್ಣು ಬರಲ್ಲ, ನಮ್ಮ ಅಪ್ಪೆಮಿಡಿ ಹಾಗೆ, ರುಚಿ ಬೇಕು ಅಂದ್ರೆ ಕಸಿಯೇ ಆಗ್ಬೇಕು.

"ಆ ತಾಯಿಮರ ಈಗ್ಲೂ ಇದೆಯಾ?" ಅಂದ್ರು ಭಟ್ರು.

"ಇಲ್ಲ, 2002ರಲ್ಲಿ ಸತ್ತೋಯ್ತು. ಬೇರು ಕೊಳೆತು."

ಜಗುಲಿ ಪೂರಾ ಸುಮ್ಮನಾಯ್ತು. ಶಿರಸಿ ಸೀಮೆಲಿ ಜುಲೈ ತಿಂಗಳಲ್ಲಿ ಕೊಳೆ ಅಂದ್ರೆ ಯಾರಿಗೂ ತಮಾಷೆ ಅಲ್ಲ. "ಅವರಿಗೂ ಕೊಳೆಯಾ!" ಅಂದ್ರು ಭಟ್ರು, ಪೋಸ್ಟ್‌ಮನ್ ಪಕ್ಕದ ಕೇರಿಯವನೇನೋ ಅನ್ನೋ ಹಾಗೆ. ಅದು ನಿಜವೇ, ಬೆಣ್ಣೆಹಣ್ಣಿನ ಬೇರು ತಿನ್ನೋದೂ ಅಡಿಕೆ ಕೊನೆ ಉದುರಿಸೋದೂ ಫೈಟಾಫ್ತೊರಾ ಅನ್ನೋ ಒಂದೇ ಕುಲದ್ದು, ಅಣ್ಣತಮ್ಮಂದ್ರು. ನೀರು ನಿಂತ್ರೆ ಮುಗೀತು ಆ ಗಿಡ. ಅಡಿಕೆ ಕೊಳೆಗೆ ಬೇಜಾರಾಗಿ ಮತ್ತೊಂದು ಕೊಳೆ ತಂದು ನೆಡ್ತೀಯಾ ಅಂತ ಪ್ರಕಾಶ ನಕ್ಕ. ನೀರು ನಿಲ್ಲದ ದಿಬ್ಬದಲ್ಲಿ ನೆಡ್ತೇನೆ ಬಿಡು ಅಂದ ಗಣಪತಿ. ಆಮೇಲೆ ಹೂವಿನ ವಿಷ್ಯ ಬಂತು, ಒಂದು ಪಂಗಡದ ಹೂ ಬೆಳಗ್ಗೆ ಹೆಣ್ಣಾಗಿ ಅರಳಿ ಮುಚ್ಚಿಕೊಂಡು ಮಾರನೇ ದಿನ ಮಧ್ಯಾಹ್ನ ಗಂಡಾಗಿ ಅರಳ್ತದೆ, ಇನ್ನೊಂದು ಪಂಗಡ ಮಧ್ಯಾಹ್ನ ಹೆಣ್ಣು ಮಾರನೇ ಬೆಳಗ್ಗೆ ಗಂಡು, ಎರಡೂ ಹತ್ತಿರ ಇದ್ರೆ ಫಸಲು ಚೆನ್ನಾಗಿ ಬರ್ತದೆ. ಭಟ್ರು ಎರಡೂ ಕೈ ಎತ್ತಿ, ಈ ಜಾತಕ ಕೂಡ್ಸೋದು ನನ್ನಿಂದ ಆಗಲ್ಲ ಅಂದ್ಬಿಟ್ರು.

ಮೂರನೇ ದಿನ ಮಧ್ಯಾಹ್ನ ಅಕ್ಕಿ ಡಬ್ಬಿಯದ್ದು ಹಣ್ಣಾಗಿತ್ತು ನೋಡಿ, ಏನು ಹೇಳ್ಲಿ. ಸುತ್ತ ಚಾಕು ಎಳೆದು ಎರಡೂ ಹೋಳು ತಿರುಚಿದ್ರೆ ಪಕ್ ಅಂತ ಬಿಟ್ಕೊಂಡ್ತು, ಅಂಚಲ್ಲಿ ಹಸಿರು, ಬೀಜದ ಕಡೆ ಬರ್ತಾ ಬರ್ತಾ ಬೆಣ್ಣೆ ಹಳದಿ. ಬೀಜ ತೆಗೆಯೋಕೆ ಅಂಗೈಯಲ್ಲಿ ಹಿಡಿದು ಚಾಕು ಕುಟ್ಟೋದು ಮಾತ್ರ ಬೇಡ, ಅಷ್ಟು ಮೆತ್ತಗಿನ ಹಣ್ಣು ದಾಟಿ ಕೈಗೇ ಬರ್ತದೆ, ಚಮಚ ಸಾಕು. ಅರ್ಧ ಮಗಳ ಬ್ರೆಡ್ಡಿಗೆ ಹೋಯ್ತು, ನಿಂಬೆಹಣ್ಣು, ಉಪ್ಪು, ಕಾಳುಮೆಣಸಿನ ಪುಡಿ. ಸ್ವಲ್ಪ ಗಟ್ಟಿ ಇದ್ದಾಗ ಚೌಕ ಕೊಚ್ಚಿ ಕೋಸಂಬರಿಗೆ ಹಾಕ್ಬೋದು, ಪೂರಾ ಮೆತ್ತಗಾದ್ರೆ ಹಾಲು ಸಕ್ರೆ ಹಾಕಿ ಮಿಕ್ಸಿಗೆ, ಅದನ್ನ ಕೂಡ್ಲೇ ಕುಡೀಬೇಕು, ಇಟ್ರೆ ದಪ್ಪಗಾಗಿ ಕಹಿ ಬರ್ತದೆ. ಅದಕ್ಕೂ ಮೆತ್ತಗಾದ್ರೆ ಚಪಾತಿ ಹಿಟ್ಟಿಗೆ ಕಲಸಿ, ಎಣ್ಣೆ ಬೇಡ. ಜಿಡ್ಡು ವಾಸನೆ ಬಂದ್ರೆ ಮಾತ್ರ ಗೊಬ್ಬರದ ಗುಂಡಿ.

ಉಳಿದರ್ಧಕ್ಕೆ ಬೀಜ ಹಾಗೇ ಬಿಟ್ರೆ ಕಪ್ಪಾಗಲ್ಲ ಅಂತ ಹೆಂಡತಿ ಎಲ್ಲೋ ಕೇಳಿದ್ಲು. ಬೀಜದ ಅಡಿ ಕಪ್ಪಾಗ್ಲಿಲ್ಲ, ಸುತ್ತ ಆಯ್ತು. ಗಾಳಿ ತಾಗಬಾರ್ದು ಅಷ್ಟೇ ವಿಷ್ಯ, ಬದನೆಕಾಯಿ ಹೆಚ್ಚಿದ ಕೂಡ್ಲೇ ನೀರಿಗೆ ಹಾಕ್ತೀವಲ್ಲ, ಅದೇ ಜಾತಿ ಕಪ್ಪು. ನಿಂಬೆರಸ ಸವರಿ ಪ್ಲಾಸ್ಟಿಕ್ಕು ಅಂಟಿಸಿ ಮುಚ್ಚಿದ್ರೆ ಒಂದು ದಿನ ತಡೀತದೆ. ಹಾಗಂತ ಇಡೀ ಹಣ್ಣನ್ನ ನೀರಲ್ಲಿ ಮುಳುಗಿಸಿ ಫ್ರಿಜ್ಜಲ್ಲಿ ಇಡೋ ರೀಲ್ಸ್ ನೋಡಿ ಮರುಳಾಗ್ಬೇಡಿ, ಸಿಪ್ಪೆ ಮೇಲಿನ ಬ್ಯಾಕ್ಟೀರಿಯಾ ಆ ನೀರಲ್ಲಿ ಬೆಳೀತದೆ ಅಂತ ಅಮೆರಿಕದ ಆಹಾರ ಇಲಾಖೆ ಎಫ್‌ಡಿಎದವರೇ ಬೇಡ ಅಂದಿದಾರೆ.

ಈ ಗಲಾಟೆಲಿ ಆಯಿ ಸಿಪ್ಪೆಯನ್ನ ಅಕ್ಕಿ ತೊಳೆದ ಅಕ್ಕಚ್ಚಿನ ಬಾಲ್ದಿಗೆ ಹಾಕಿ ಕೊಟ್ಟಿಗೆ ಕಡೆ ಹೊರಟಿದ್ಲು. ಮಗಳು ಬಿದ್ದೆದ್ದು ಓಡಿದ್ಲು. ಅದರ ಸಿಪ್ಪೆ, ಬೀಜ, ಎಲೆಯಲ್ಲಿ ಪರ್ಸಿನ್ ಅಂತ ಒಂದು ಇರ್ತದೆ, ಮನುಷ್ಯರಿಗೆ ಏನೂ ಮಾಡಲ್ಲ, ದನ ಮೇಕೆ ಹಕ್ಕಿಗೆ ವಿಷ, ಹಸುವಿಗೆ ಕೆಚ್ಚಲು ಬಾತು ಹಾಲು ಹೋಗ್ತದೆ. ಗೌರಿ ಆಗ್ಲೇ ಬಾಲ್ದಿಗೆ ಮೂತಿ ಹಾಕಿತ್ತು, ಮಗಳು ಬಾಲ್ದಿ ಎಳೀತಾಳೆ ಗೌರಿ ಬಿಡಲ್ಲ, ಕೊನೆಗೆ ಅಕ್ಕಚ್ಚು ಪೂರಾ ಮಗಳ ಮೇಲೆ. ಅವಳಿಗೆ ಹತ್ತು ನಿಮಿಷಕ್ಕೆ ಆಫೀಸ್ ಮೀಟಿಂಗಿತ್ತು, ಕ್ಯಾಮೆರಾ ಆಫ್ ಮಾಡಿ ಕೂತ್ಲು.

ಆ ಸಂಜೆ ಜಗುಲಿಯ ಹಣ್ಣಿಗೆ ಕೊನೆಗೂ ಮುಹೂರ್ತ ಬಂತು. ಎಲ್ರೂ ಒಮ್ಮೆ ಒತ್ತಿ ಆಯ್ತು ಆಯ್ತು ಅಂದ್ರು. ಆಯಿ ಚಿಮಣಿ ಬೆಳಕಲ್ಲಿ ಕೊಯ್ದು ಹೋಳು ತೆಗೆದು ಹರಿವಾಣದಲ್ಲಿಟ್ಲು. ತಿರುಳಿನ ತುಂಬಾ ಕಂದು ಕಂದು ಗುಂಡಿ, ಸಿಪ್ಪೆ ಒಳಗೆ ಸಾಲಾಗಿ, ಚಿರತೆ ಮೈ ಇದ್ದಾಂಗೆ. ಮೂರು ದಿನದ ಹೆಬ್ಬೆರಳುಗಳೆಲ್ಲಾ ಅಲ್ಲೇ ಇದ್ವು.

"ಇದು ನಿಂದು" ಅಂತ ಗಣಪತಿ ಪ್ರಕಾಶನ ಬೆರಳು ಹಿಡಿದು ಗುಂಡಿಗೆ ಅಳತೆ ನೋಡ್ದ. ಸರಿಯಾಗಿ ಕೂತಿತು. ಪ್ರಕಾಶ ಅವನದ್ದೂ ಕೂರಿಸಿ ತೋರಿಸಿದ. ದೊಡ್ಡದು ಕೊನೆಗೌಡಂದು ಅನ್ನೋದ್ರಲ್ಲಿ ಯಾರಿಗೂ ಅನುಮಾನ ಇರ್ಲಿಲ್ಲ. ಭಟ್ರು ಮಾತ್ರ ಕಾಲ ಮೇಲೆ ಕಾಲು ಹಾಕ್ಕೊಂಡು, "ನಾನು ಮಗಳು ಹೇಳಿದ ಹಾಗೆ ಅಂಗೈಯಲ್ಲೇ ಹಿಡಿದಿದ್ದು, ನನ್ನ ಗುರುತು ಒಂದಾದ್ರೂ ಇದ್ರೆ ತೋರ್ಸಿ ನೋಡುವ" ಅಂದ್ರು.

ಆಯಿ ಏನೂ ಮಾತಾಡ್ದೆ ಪಕ್ಕಕ್ಕಿಟ್ಟಿದ್ದ ಸಿಪ್ಪೆ ತಿರುಗಿಸಿ ಚಿಮಣಿ ಹತ್ರ ಹಿಡಿದ್ಲು. ಹಸಿರು ಸಿಪ್ಪೆ ಮೇಲೆ ಉಂಗುರದ ಅಚ್ಚು ಬಿದ್ದಿತ್ತು, ಭಟ್ರ ನವರತ್ನದ್ದು, ಒಂಬತ್ತೂ ಕಲ್ಲು ಎಣಿಸ್ಬೋದಿತ್ತು.