ಸ್ಪೀಕರ್ ಪೆಟ್ಟಿಗೆಯ ಮೇಲಿದ್ದ ಗೀಗೀ ಪದಗಳ ಕ್ಯಾಸೆಟ್‌ಗಳು ಉಳಿದಿರಬಹುದೇ?

ಪ್ರಶ್ನೆ, ಜಮಖಂಡಿಯಿಂದ:
ಎಲ್ಲರಿಗೂ ನಮಸ್ಕಾರ. ಸುತ್ತಲಿನ ಜಾತ್ರೆಗಳಲ್ಲಿ ಬೆಳತನಕ ನಡೆಯುತ್ತಿದ್ದ ಹರದೇಶಿ–ನಾಗೇಶಿ ಹಾಡಿಕೆಯನ್ನು (ಎರಡು ಮೇಳಗಳು ಪೈಪೋಟಿಯಲ್ಲಿ ಗೀಗೀ ಪದ ಹಾಡುವುದನ್ನು) ನಮ್ಮ ದೊಡ್ಡಪ್ಪನವರು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದ 14 ಕ್ಯಾಸೆಟ್‌ಗಳು ನನ್ನ ಬಳಿ ಇವೆ. ಅವು ಹಲವು ವರ್ಷ ದೊಡ್ಡ ಸ್ಪೀಕರ್ ಪೆಟ್ಟಿಗೆಯ ಮೇಲೆಯೇ ಇದ್ದವು. ಹಾಡಿದವರಲ್ಲಿ ಹೆಚ್ಚಿನವರು ಈಗಿಲ್ಲ, ಬೇರೆ ಪ್ರತಿಯೂ ಇಲ್ಲ. ಅಯಸ್ಕಾಂತದಿಂದ ಧ್ವನಿ ಅಳಿಸಿರಬಹುದೇ? ಪ್ರತಿ ಮಾಡಿ ಇಡುವುದಾದರೆ ಹಾರ್ಡ್ ಡಿಸ್ಕ್, ಪೆನ್‌ಡ್ರೈವ್, ಡಿವಿಡಿಗಳಲ್ಲಿ ಯಾವುದು ಸುರಕ್ಷಿತ?

ಉತ್ತರ, ವಿಜಯಪುರದಿಂದ:
ತಾವು ಎದೆಗುಂದಬೇಕಿಲ್ಲ. ಟೇಪಿನ ಮೇಲೆ ಲೇಪಿಸಿದ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳು ಯಾವ ದಿಕ್ಕಿಗೆ, ಎಷ್ಟು ಕಾಂತತ್ವ ಪಡೆದಿವೆ ಎಂಬುದೇ ಅಲ್ಲಿ ಧ್ವನಿಯಾಗಿ ಉಳಿದಿರುತ್ತದೆ. ಸಾಮಾನ್ಯ ಟೇಪಿನಲ್ಲಿ ಈ ಕಣಗಳನ್ನು ತಿರುಗಿಸಲು ಸುಮಾರು 300ರಿಂದ 400 ಅರ್ಸ್ಟೆಡ್ (ಕಾಂತಬಲವನ್ನು ಅಳೆಯುವ ಮಾನ) ಬಲ ಬೇಕು. ಸ್ಪೀಕರಿನ ಅಯಸ್ಕಾಂತಕ್ಕೆ ಕ್ಯಾಸೆಟ್ ತಾಗಿದ್ದರೆ ಅಪಾಯವಿತ್ತು. ಆದರೆ ಪೆಟ್ಟಿಗೆಯ ಮೇಲ್ಭಾಗ ಅಲ್ಲಿಂದ ಗೇಣುದ್ದವಾದರೂ ದೂರವಿರುತ್ತದೆ. ಅಯಸ್ಕಾಂತದಿಂದ ಸಾಕಷ್ಟು ದೂರ ಸರಿದ ಮೇಲೆ ಅಂತರ ಎರಡು ಪಟ್ಟಾದರೆ ಬಲ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಹೀಗಾಗಿ ಹಾಡು ಉಳಿದಿರುವ ಸಂಭವವೇ ಹೆಚ್ಚು.

ಉತ್ತರ, ಬೆಳಗಾವಿಯಿಂದ:
ನಾನು ಬಹುಕಾಲ ರೇಡಿಯೊ, ಟೇಪ್ ದುರಸ್ತಿ ಮಾಡಿದವನು. ನನಗೆ ಸ್ಪೀಕರಿಗಿಂತ ತಾವು ಈಗ ಬಳಸಲಿರುವ ಪ್ಲೇಯರಿನದೇ ಚಿಂತೆ. ಅದರ ಹೆಡ್, ಅಂದರೆ ಟೇಪಿಗೆ ತಾಗಿ ಧ್ವನಿಯನ್ನು ಓದುವ ಭಾಗ, ತಾನೇ ಅಯಸ್ಕಾಂತವಾಗಿ ತಿರುಗಿದ್ದರೆ ಪ್ರತಿ ಸಲ ಓಡಿಸಿದಾಗಲೂ ಮೇಲುಸ್ಥಾಯಿಯ ಧ್ವನಿ ಸ್ವಲ್ಪ ಸ್ವಲ್ಪವೇ ಸವೆದು, ತಾಳದ ಝಣತ್ಕಾರ ಮೊದಲು ಮಂಕಾಗುತ್ತದೆ, 'ಸ್ಸ್' ಎನ್ನುವ ಸದ್ದು ಏರುತ್ತದೆ. ಮೊದಲು ಹೆಡ್ಡನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ, ಆಮೇಲೆ ಅದರ ಕಾಂತತ್ವ ತೆಗೆಯುವ ಡಿಮ್ಯಾಗ್ನೆಟೈಸರ್ ಹಿಡಿಸಿರಿ; ಆಗ ಕ್ಯಾಸೆಟ್‌ಗಳು ಬೇರೆ ಕೋಣೆಯಲ್ಲಿರಲಿ, ಆ ಉಪಕರಣವನ್ನು ಹೆಡ್ಡಿನಿಂದ ತೋಳಿನಷ್ಟು ದೂರ ಒಯ್ದ ಮೇಲೆಯೇ ಆರಿಸಿರಿ. ಕ್ಯಾಸೆಟ್ಟಿನ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಇಂದೇ ಮುರಿದುಬಿಡಿ, ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಾಡು ಉಳಿಯುತ್ತದೆ. ಟೇಪಿನ ಹಿಂದೆ ತಗಡಿನ ಪಟ್ಟಿಗೆ ಅಂಟಿಸಿದ ಚಿಕ್ಕ ಉಣ್ಣೆಯ ತುಂಡು ಉದುರಿದೆಯೇ ಎಂದೂ ನೋಡಿರಿ. ಅದು ಉದುರಿದ್ದರೆ ಧ್ವನಿ ಕ್ಷೀಣವಾಗಿ ಕೇಳಿಸುತ್ತದೆ, ಜನ ಅದನ್ನೇ ಅಳಿಸಿಹೋಗಿದೆ ಎಂದು ತಿಳಿಯುತ್ತಾರೆ.

ಉತ್ತರ, ಬಾಗಲಕೋಟೆಯಿಂದ:
ಎರಡನೆಯ ಪ್ರಶ್ನೆಗೆ ನನ್ನ ಉತ್ತರ. ಹಾರ್ಡ್ ಡಿಸ್ಕ್ ಕೂಡ ಕಾಂತತ್ವವನ್ನೇ ನಂಬಿದ್ದರೂ ಅದರ ತಟ್ಟೆಯ ಲೇಪನವನ್ನು ತಿರುಗಿಸಲು ಹಲವು ಸಾವಿರ ಅರ್ಸ್ಟೆಡ್ ಬೇಕು. ಹೆಡ್ಡಿನ ತೋಳನ್ನು ಆಡಿಸಲು ಅದರೊಳಗೇ ಬಲವಾದ ನಿಯೋಡಿಮಿಯಂ ಅಯಸ್ಕಾಂತಗಳಿರುತ್ತವೆ, ಆದರೂ ಮಾಹಿತಿ ಅಳಿಯುವುದಿಲ್ಲ. ಅದಕ್ಕೆ ಹೆಚ್ಚಿನ ಭಯ ಕೈಜಾರಿ ಬೀಳುವುದರದು. ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳಲ್ಲಿ ಮಾಹಿತಿ ಇರುವುದು ವಿದ್ಯುತ್ ಆವೇಶದ ರೂಪದಲ್ಲಿ. ಮನೆಯ ಅಯಸ್ಕಾಂತ ಅದನ್ನು ಮುಟ್ಟದು, ಆದರೆ ವರ್ಷಗಟ್ಟಲೆ ಬಳಸದೆ ಇಟ್ಟರೆ ಆವೇಶ ಸೋರಬಹುದು, ಸೆಕೆ ಅದನ್ನು ಚುರುಕುಗೊಳಿಸುತ್ತದೆ. ಡಿವಿಡಿಯಲ್ಲಿ ಲೇಸರ್ ಬೆಳಕು ಬಣ್ಣದ ಪದರದ ಮೇಲೆ ಗುರುತು ಮಾಡಿರುತ್ತದೆ, ನಮ್ಮ ಕಡೆಯ ಬಿಸಿಲೇ ಅದರ ವೈರಿ. ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಪ್ರತಿ ಮಾಡಿ, ಒಂದನ್ನು ಬಂಧುಗಳ ಮನೆಯಲ್ಲಿಡಿ.

ಮತ್ತೆ ಜಮಖಂಡಿಯಿಂದ:
ತಮ್ಮೆಲ್ಲರಿಗೂ ಧನ್ಯವಾದಗಳು. ಹೆಡ್ ಒರೆಸಿ, ಚೂರು ಮುರಿದು, ಮೊದಲ ಕ್ಯಾಸೆಟ್ ಹಾಕಿದೆ. ಮೊದಮೊದಲು ಬರೀ ಸ್ಸ್ ಎಂದಿತು; ಆಮೇಲೆ ತುಂತುಣಿ ಮೀಟಿತು, ನಡುವೆ ದೊಡ್ಡಪ್ಪನವರು ಕೆಮ್ಮಿದ್ದೂ ಸ್ಪಷ್ಟವಾಗಿ ಕೇಳಿಸಿತು.