ನವಿಲಿನ ಕುತ್ತಿಗೆ ಸೀಳಿದ್ದಕ್ಕೆ ದೊಡ್ಡಪ್ಪನ ಮಾತು

ಯವ್ವಾ, ನಿನ್ನ ಮೆಸೇಜ್ ನೋಡಿದೆ. 40 ಗಾಜಿನ ನವಿಲಿನಾಗೆ 11 ರಾತ್ರೋರಾತ್ರಿ ಕುತ್ತಿಗೆ ಹತ್ರ ಸೀಳಿದಾವೆ, ಗಾಜು ನಿಧಾನಕ್ಕೆ ಆರಿಸೋ ಭಟ್ಟಿ ಕೆಟ್ಟೈತೆ, ಹೊಸದು ತರಬೇಕು ಅಂತ ನಿಮ್ಮಪ್ಪ ಅಂತಾನೆ, ಆರ್ಡರ್ ನಾಡಿದ್ದು ಕೊಡಬೇಕು, ಏನ್ ಮಾಡ್ಲಿ ಅಂತ ಕೇಳಿದ್ದಿ. ಭಟ್ಟಿಗೆ ದುಡ್ಡು ಸುರೀಬ್ಯಾಡ್ರಿ. ಕುತ್ತಿಗೆಗೆ ಹಾಕಿದ ಆ ನೀಲಿ ಗಾಜಿನ ಕಡ್ಡಿ ಎಲ್ಲಿಂದ ಬಂತು? ಎರಡು ಜಾತಿ ಗಾಜು ಬೆರೆಸಬ್ಯಾಡ್ರಿ ಅಂತ ಎಷ್ಟು ಸಲ ಹೇಳೀನಿ.

ದುಗ್ಗಮ್ಮನ ಜಾತ್ರೆಗೆ ಅಂತ ನಾನು 60 ಹಂಸ ಮಾಡಿದ್ದೆ. ಮೈಯೆಲ್ಲ ಬೋರೋಸಿಲಿಕೇಟ್ ಟ್ಯೂಬು, ಅಂದ್ರೆ ಕಾವು ತಡೆಯೋ ಗಾಜು, ನಾವು ಬೋರೋ ಅಂತೀವಿ; ಕೊಕ್ಕಿಗೆ ಮಾತ್ರ ಫಿರೋಜಾಬಾದಿನ ಬಳೆ ಗಾಜಿನ ಕೆಂಪು ಕಡ್ಡಿ. ಉರಿಯಾಗೆ ಚಂದ ಕೂತ್ಕಂತು. ಭಟ್ಟಿಯಿಂದ ತೆಗೆದಾಗಲೂ ಒಂದು ಗೀರಿಲ್ಲ. ರಾತ್ರಿ ಮಲಗಿದ್ರೆ ಪೆಟ್ಟಿಗೆಯಿಂದ ಟಿಕ್, ಟಿಕ್. ಬೆಳಿಗ್ಗೆ ನೋಡ್ತೀನಿ, ಕೊಕ್ಕೆಲ್ಲ ಹುಲ್ಲಿನ ಮ್ಯಾಲೆ ಬಿದ್ದಾವೆ, ಕೆಲವು ತಲೆ ಸಮೇತ. ಅಷ್ಟೇ ಬಿಸಿಗೆ ಬೋರೋ 33 ಪಾಲು ಹಿಗ್ಗಿದ್ರೆ ಬಳೆ ಗಾಜು 90 ಪಾಲು ಹಿಗ್ಗುತ್ತೆ, ಆರುವಾಗ ಅಷ್ಟೇ ಕುಗ್ಗುತ್ತೆ. ಒಂದು ನಿಂತ್ಕಂಡಿರುತ್ತೆ, ಇನ್ನೊಂದು ಜಗ್ತಾ ಇರುತ್ತೆ. ಚುಕ್ಕಿಯಷ್ಟು ಹಚ್ಚಿದ್ರೆ ಸ್ವಲ್ಪ ದಿನ ತಡೀತದೆ, ಅದೇ ನಮ್ಮನ್ನ ನಂಬಿಸೋದು. ಕಡ್ಲೆಕಾಳಿನಷ್ಟಾದ್ರೆ ಸೀಳಿತು ಅಂತಲೇ. ಭಟ್ಟಿ ಏನು ಮಾಡೀತು? ಒಳಗಿನ ಬಿಗಿತ ಬಿಡೋಕೆ ಬೋರೋಗೆ 565 ಡಿಗ್ರಿ ಬೇಕು, ಆ ಕಾವಿಗೆ ಬಳೆ ಗಾಜಿನಂಥ ಮೆದು ಗಾಜು ಸೋತು ಟ್ರೇಗೆ ಅಂಟಬಹುದು. ಮೆದು ಗಾಜಿನ 520ಕ್ಕೆ ಇಟ್ರೆ ಬೋರೋದ ಬಿಗಿತ ಸರಿಯಾಗಿ ಬಿಡಲ್ಲ. ಬೆರೆಸಬ್ಯಾಡ್ರಿ ಯವ್ವಾ, ಇವೆರಡನ್ನ ಬೆರೆಸಲೇಬ್ಯಾಡ್ರಿ.

ಆವತ್ತು ಅಂಗಡಿಯವ ಅಡ್ವಾನ್ಸ್ ವಾಪಸ್ ಇಸ್ಕಂಡ. ಕಡ್ಡಿ ಮಾರಿದವ ನಿನ್ನ ಕೈಯೇ ಸರಿಯಿಲ್ಲ ಅಂದ. ಅದಕ್ಕೇ ನಾನು ಎರಡು ಮರದ ಸ್ಟ್ಯಾಂಡ್ ಮಾಡಿಸಿ, ಬೋರೋ ಒಂದರಾಗೆ, ಮೆದುವು ಇನ್ನೊಂದರಾಗೆ, ಪ್ರತಿ ಕಟ್ಟಿಗೂ ಬಣ್ಣದ ದಾರ ಕಟ್ಟಿ ಇಟ್ಟಿದ್ದು. ಶೆಡ್ಡು ಚಂದ ಮಾಡ್ತೀವಿ ಅಂತ ನೀವೆಲ್ಲ ಅವನ್ನ ಕಿತ್ತು, ಕಡ್ಡಿಗಳ್ನ ಒಂದೇ ಪೈಪಿನಾಗೆ ತುರುಕಿದ್ರಿ. ಒಬ್ರಾದ್ರೂ ನನ್ನ ಒಂದು ಮಾತು ಕೇಳಿದ್ರಾ? ಇಪ್ಪತ್ತು ವರ್ಷ ಕಾದಿಟ್ಟ ಪದ್ಧತಿ ಅದು. ನೋವಾಗುತ್ತೆ ನನಗೆ.

ಅಯ್ಯೋ, ಈಗ ಮಾಡೋದೇನು ಅಂತ ಹೇಳೋದೇ ಬಿಟ್ಟೆ. ಕಡ್ಡಿ ಯಾವ ಜಾತಿ ಅಂತ ತಿಳಿಯೋಕೆ, ಬಣ್ಣ ಇಲ್ಲದ ಕಡ್ಡಿಯಾದ್ರೆ ಗಾಜಿನ ಲೋಟದಾಗೆ ಶೇಂಗಾ ಎಣ್ಣೆ ಹಾಕಿ ಅದ್ದು. ಬೋರೋ ಆದ್ರೆ ಎಣ್ಣೆಯೊಳಗೆ ಹೆಚ್ಚುಕಡಿಮೆ ಮಾಯ ಆಗುತ್ತೆ, ಮೆದು ಗಾಜು ಗೆರೆ ಗೆರೆಯಾಗಿ ಕಾಣ್ತದೆ. ನೀಲಿಗೆ ಇದು ನಡೆಯಲ್ಲ. ಅದಕ್ಕೆ ಎಳೆ ಎಳೆದು ನೋಡು. ಬೋರೋ ಅಂತ ಗೊತ್ತಿರೋ ಕಡ್ಡಿ ತುದಿಗೆ ನೀಲಿ ಕಡ್ಡಿ ತುದಿ ಪಕ್ಕಪಕ್ಕ ಅಂಟಿಸಿ, ಕಾಯಿಸಿ, ಉರಿಯಿಂದ ಹೊರಗೆ ತಂದು ಒಂದು ಅಡಿ ಉದ್ದ ಸಣ್ಣ ಎಳೆ ಎಳಿ. ಆರಿದ ಮ್ಯಾಲೂ ನೆಟ್ಟಗಿದ್ರೆ ಎರಡೂ ಹೊಂದ್ತಾವೆ. ಬಿಲ್ಲಿನಂಗೆ ಬಾಗಿದ್ರೆ ಒಳಬದಿಗಿರೋದು ಹೆಚ್ಚು ಕುಗ್ಗೋ ಗಾಜು.

ಬಾಗಿದ್ರೆ ಉಳಿದ 29 ನವಿಲೂ ಕೊಡಬ್ಯಾಡ್ರಿ, ಇವತ್ತು ಗಟ್ಟಿ ಕಂಡ್ರೂ ಕೊಂಡವರ ಮನೆಯಾಗೆ ಮಗು ಕೈಯಾಗೆ ಸೀಳುತ್ತೆ. ಆರ್ಡರ್‌ನವರಿಗೆ ಇವತ್ತೇ ಫೋನ್ ಮಾಡಿ ಒಂದು ವಾರ ಕೇಳು. ನೆಟ್ಟಗಿದ್ರೆ ಮಾತ್ರ ತಪ್ಪು ಭಟ್ಟಿ ಕಡೆ. ಆಗ ಸೀಳದೇ ಇರೋವನ್ನ ತಣ್ಣಗಿರೋವಾಗಲೇ ಒಳಗಿಟ್ಟು ನಿಧಾನಕ್ಕೆ 565ಕ್ಕೆ ಏರಿಸಿ, ಅರ್ಧ ಗಂಟೆ ನಿಲ್ಸಿ, 480ರ ತನಕ ಮೆಲ್ಲಗೆ ಇಳ್ಸಿ, ಆಮೇಲೆ ಆಫ್ ಮಾಡು. ನಡುವೆ ಕರೆಂಟ್ ಹೋದ್ರೆ ಬಾಗ್ಲು ತೆಗೀಬ್ಯಾಡ, ತಾನಾಗೇ ಆರ್ಲಿ. ಎಣ್ಣೆಗೆ ಅದ್ದಿದ ಕಡ್ಡೀನ ಸೋಪು ಹಾಕಿ ತೊಳೆದು ಒರೆಸಿಯೇ ಉರಿಗೆ ಹಿಡಿ.