ಸಿಲ್ವರ್ ಲೇಕ್ ಹತ್ತಿರ ಹಳಿ ಯಾವ ಕಡೆ ಇತ್ತು?

ಹಳಿಹುಚ್ಚ, ಮೈಸೂರು:
ಕಿತ್ತುಹೋದ ರೈಲು ದಾರಿಗಳನ್ನು ಹಳೇ ನಕ್ಷೆಯಲ್ಲಿ ಹುಡುಕುವ ಚಟ ನನಗೆ. ಈಗ ಹಿಡಿದಿರುವುದು ಅಮೆರಿಕದ ಮೊಹಾವಿ ಮರುಭೂಮಿಯ ಟೋನೋಪಾ ಅಂಡ್ ಟೈಡ್‌ವಾಟರ್ ಲೈನು. ಬೋರಾಕ್ಸ್ (ಬಿಳಿಗಾರ) ಗಣಿಗಳ ಮಾಲೀಕ ‘ಬೋರಾಕ್ಸ್’ ಸ್ಮಿತ್ 1905ರಲ್ಲಿ ಕೆಲಸ ಶುರು ಮಾಡಿಸಿದ್ದು. ಕ್ಯಾಲಿಫೋರ್ನಿಯಾದ ಲಡ್ಲೋದಿಂದ ಉತ್ತರಕ್ಕೆ, ನೆವಾಡಾದ ಬಿಯಾಟಿ ಕಡೆಗೆ. ಅಲ್ಲಿಯ ಸರ್ಕಾರಿ ಭೂವಿಜ್ಞಾನ ಇಲಾಖೆ ಯುಎಸ್‌ಜಿಎಸ್‌ನ ಟೋಪೋವ್ಯೂ ಅನ್ನೋ ಜಾಲತಾಣದಲ್ಲಿ ಹಳೇ ನಕ್ಷೆಯ ಶೀಟುಗಳು ಬಿಟ್ಟಿಯಾಗಿ ಸಿಗುತ್ತವೆ. ಆದ್ರೆ ಸಿಲ್ವರ್ ಲೇಕ್ ಅನ್ನೋ ಒಣಕೆರೆ ಹತ್ತಿರ ಗೊಂದಲ. ಒಂದು ಬರಹದಲ್ಲಿ ಹಳಿ ಕೆರೆಯಂಗಳದ ಮೇಲೇ ಹೋಗುತ್ತೆ. ನಾನು ಇಳಿಸಿಕೊಂಡ ಶೀಟಿನಲ್ಲಿ ಪೂರ್ವ ದಡದಲ್ಲಿದೆ. ಯಾವುದನ್ನು ನಂಬಲಿ? ಇನ್ನೊಂದು, ಶೀಟನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿದರೆ ಎಲ್ಲಾ ಒಂದೇ ಕಡೆಗೆ ಸರಿದ ಹಾಗೆ ಕಾಣುತ್ತೆ.

ನಿವೃತ್ತ ಸರ್ವೇಯರ್, ಮಂಡ್ಯ:
ಎರಡೂ ನಿಜ. ಮೊಹಾವಿ ನದಿ ಬಹುಪಾಲು ಮರಳಿನ ಅಡಿಯಲ್ಲೇ ಹರಿಯುತ್ತೆ. ಜೋರು ಮಳೆಯಾದರೆ ಮಾತ್ರ ಸೋಡಾ ಲೇಕ್ ಅನ್ನೋ ಇನ್ನೊಂದು ಒಣಕೆರೆ ತುಂಬಿ, ನೀರು ಸಿಲ್ವರ್ ಲೇಕಿಗೆ ನುಗ್ಗುತ್ತೆ. 1916ರಲ್ಲಿ ಹಾಗೇ ಆಗಿ ಹಳಿ ಮುಳುಗಿತು. ಆಮೇಲೆ ಪೂರ್ವ ದಡಕ್ಕೆ ಬದಲಾಯಿಸಿದರು. 1940ರಲ್ಲಿ ರೈಲೇ ನಿಂತಿತು, ಯುದ್ಧದ ಹೊತ್ತಿಗೆ ಕಬ್ಬಿಣವನ್ನೂ ಕಿತ್ತರು.

ಅದಕ್ಕೇ ಶೀಟಿನ ಅಂಚಿನಲ್ಲಿ ಸರ್ವೇ ಆದ ವರ್ಷ ನೋಡಿ. ಅಚ್ಚಾದ ವರ್ಷ ಬೇರೆ. ಅದೇ ಶೀಟನ್ನು ಮತ್ತೆ ಮತ್ತೆ ಅಚ್ಚು ಹಾಕುತ್ತಿದ್ದರು.

ಶೀಟಿನಲ್ಲಿ ಹಳಿ ಪಕ್ಕ ಬರೆದಿರುವ ಎತ್ತರಗಳನ್ನು ಜಾಸ್ತಿ ನಂಬಬಹುದು. ಲೆವೆಲಿಂಗ್‌ಗೆ, ಅಂದರೆ ನೆಲದ ಎತ್ತರ ಅಳೆಯೋದಕ್ಕೆ, ರೈಲು ದಾರಿಯಷ್ಟು ಅನುಕೂಲ ಬೇರೆ ಇಲ್ಲ, ಏರಿಳಿತ ಕಮ್ಮಿ, ಬೆಂಚ್‌ಮಾರ್ಕ್‌ಗಳೂ (ಎತ್ತರ ಗೊತ್ತಿರುವ ಗುರುತುಗಳು) ಅಲ್ಲೇ ಸಾಲಾಗಿರುತ್ತವೆ. ದೂರದ ಗುಡ್ಡಗಳ ಕಾಂಟೂರ್ (ಒಂದೇ ಎತ್ತರದ ಜಾಗ ಸೇರಿಸುವ ಗೆರೆ) ಹಾಗಲ್ಲ. ಪ್ಲೇನ್ ಟೇಬಲ್ ಅನ್ನೋ ನಕ್ಷೆ ಬರೆಯುವ ಹಲಗೆ ಮೇಲೆ, ಗುರಿ ಹಿಡಿಯುವ ಅಲಿಡೇಡ್ ಇಟ್ಟು, ಕೆಲವೇ ಬಿಂದು ಹಿಡಿದು, ಮಿಕ್ಕಿದ್ದನ್ನು ಕಣ್ಣಳತೆಯಲ್ಲಿ ಬರೆದಿರುತ್ತಾರೆ. ನಮ್ಮ ಮದ್ದೂರು ಕಡೆಯೇ ಏಪ್ರಿಲ್‌ನಲ್ಲಿ ಬಿಸಿಲೇರಿದ ಮೇಲೆ ದೂರದರ್ಶಕದಲ್ಲಿ ಸ್ಟಾಫಿನ (ಅಳತೆ ಕೋಲಿನ) ಅಂಕಿಗಳು ಕುಣಿಯುತ್ತಿದ್ದವು. ಅಲ್ಲಿಯ ಬಿಸಿಲು ಕೇಳಬೇಕಾ!

ನಕ್ಷೆಗೂಡು, ಮೈಸೂರು:
ಎಲ್ಲಾ ಸರಿದಿರುವುದು ಡೇಟಮ್‌ನಿಂದ, ಅಂದರೆ ಅಕ್ಷಾಂಶ ರೇಖಾಂಶ ಲೆಕ್ಕ ಹಾಕಲು ಹಿಡಿದ ಆಧಾರದಿಂದ. ಶೀಟು ಉತ್ತರ ಅಮೆರಿಕದ 1927ರ ಡೇಟಮ್ ಆದ ಎನ್‌ಎಡಿ 27ರದ್ದಾದರೆ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 80-100 ಮೀಟರ್ ವ್ಯತ್ಯಾಸ ಬರುತ್ತೆ. ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಕೂರಿಸುವಾಗ ಆ ಡೇಟಮ್ಮನ್ನೇ ಆರಿಸಿ. ಅದಕ್ಕಿಂತ ಹಳೇ ಶೀಟಿಗೆ ಇದು ಸಾಲದು, ಮೂಲೆಗಳ ಜೊತೆ ಬೆಟ್ಟದ ತುದಿಗಳನ್ನೂ ಹಿಡಿದು ಹೊಂದಿಸಿ.

ಹಳಿಹುಚ್ಚ:
ಸರಿ ಸಾರ್. ಹಾಗಾದ್ರೆ ಎರಡು ಲೇಯರ್ ಮಾಡ್ತೀನಿ, 1916ಕ್ಕೆ ಮೊದಲು ಒಂದು, ಆಮೇಲಿನದು ಒಂದು. ಅಂದ ಹಾಗೆ, ನಮ್ಮ ಪಾಂಡವಪುರ ಇನ್ನೂ ಫ್ರೆಂಚ್ ರಾಕ್ಸ್ ಅನ್ನೋ ಹಳೇ ಹೆಸರಿನಲ್ಲೇ ಇರೋ ಹಳೇ ಶೀಟು ಯಾರ ಹತ್ರನಾದ್ರೂ ಇದ್ಯಾ?